ಬ್ರೌಸರಿನಲ್ಲಿ ಬಂದ ಅಕ್ಕ

ನಮ್ಮ ಭಾವನಷ್ಟು ಪ್ರಾಮಾಣಿಕರನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ಒಬ್ಬ ಕಳ್ಳನನ್ನು ಇಟ್ಟುಕೊಳ್ಳುವುದು ಸುಲಭ. ಕಳ್ಳನಾದರೆ ಸಿಕ್ಕಿದ್ದನ್ನು ಎತ್ತಿಕೊಂಡು ತಾನಾಗಿಯೇ ಹೊರಟುಹೋಗುತ್ತಾನೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಸರ್ವೆ ಇಲಾಖೆಯಿಂದ ನಿವೃತ್ತರಾಗಿ ಯಾದವಗಿರಿಯ ಬಾಡಿಗೆ ಮನೆಯಲ್ಲಿದ್ದರು. ನನಗೆ ಬನ್ನಿಮಂಟಪದಲ್ಲಿ ಹಳೇ ಸಾಮಾನಿನ ಅಂಗಡಿ. ಬರಿಗೈಯಲ್ಲಿ ಶುರುಮಾಡಿ ಚೌಕಾಸಿಯಿಂದಲೇ ಮೇಲೆ ಬಂದವನು. ಇಂಟರ್‌ನೆಟ್ ಮನೆಮನೆಗೆ ಬರುತ್ತಿದ್ದ ಹೊಸತರಲ್ಲಿ ಅವರಿಗೊಂದು ಕಂಪ್ಯೂಟರ್ ಜೋಡಿಸಿಕೊಟ್ಟು, ಅದನ್ನು ನಡೆಸುವ ತಂತ್ರಾಂಶವನ್ನು ಊರೆಲ್ಲ ಬಳಸುವ ನಕಲು ಸೀಡಿಯಿಂದಲೇ ಹಾಕಿದ್ದೆ.

"ಇದಕ್ಕೆ ರಸೀದಿ ಎಲ್ಲಯ್ಯ?" ಎಂದರು ಭಾವ.

"ಯಾರ ಹತ್ರಾನೂ ಇಲ್ಲ ಬುಡಿ ಭಾವ. ಊರೇ ನಕಲು."

"ಊರೆಲ್ಲ ಕದ್ರೆ ಅದು ವ್ಯಾಪಾರ ಆಗ್ಬುಡುತ್ತಾ?"

ಅಂದೇ ಅದನ್ನು ಅಳಿಸಿಹಾಕಿದರು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದ ಲಿನಕ್ಸ್ ಎಂಬ ತಂತ್ರಾಂಶವನ್ನು ಹಾಕಿಕೊಂಡರು. ಓದುಗರಿಗೆ ನನ್ನದೊಂದು ಸಲಹೆ: ಪುಕ್ಕಟೆ ಬಂದ ವಸ್ತುವಿನ ಬೆಲೆಯನ್ನು ನಿದ್ದೆಗೆಟ್ಟು ತೆರಬೇಕಾಗುತ್ತದೆ. ಶಬ್ದ ಬರಲು ಒಂದು ತಿಂಗಳು, ಪ್ರಿಂಟರ್ ಒಪ್ಪಲು ಇನ್ನೊಂದು! ಭಾವನಿಗೆ ಬೇಸರವೇ ಇಲ್ಲ. ಅದಕ್ಕವರು ಕೊಡುತ್ತಿದ್ದ ಮರ್ಯಾದೆಯನ್ನು ನೋಡಬೇಕಿತ್ತು. "ಅವರಿನ್ನೂ ಎದ್ದಿಲ್ಲ", "ಅವರು ಯೋಚನೆ ಮಾಡ್ತಿದಾರೆ, ಅವಸರ ಮಾಡ್ಬೇಡಿ". ಒಮ್ಮೆ ಕರೆಂಟ್ ಮೀಟರ್ ನೋಡಲು ಬಂದವನು, ಒಳಗೆ ಯಾರೋ ಹಿರಿಯರು ಮಲಗಿದ್ದಾರೆಂದುಕೊಂಡು ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಿನಲ್ಲಿ ಹೊರಟುಹೋದ!

ಆಮೇಲೆ ಅಕ್ಕ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಭಾವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ; ನೆಂಟರಲ್ಲಿ ಅದೇ ಮಾತು. ಪುರೋಹಿತರು ಪಂಚಾಂಗ ನೋಡಿ, ಹೋದ ನಕ್ಷತ್ರ ಸರಿಯಿಲ್ಲ, ಮನೆಗೆ ಬೀಗ ಹಾಕಿ ಮೂರು ತಿಂಗಳು ಹೊರಗಿರಬೇಕು ಎಂದರು.

"ಅವಳು ಹೋಗೋದಕ್ಕೆ ಸರಿಯಾದ ನಕ್ಷತ್ರ ಯಾವುದಿತ್ತು, ಹೇಳ್ರೀ?" ಎಂದು ಕೇಳಿದರು ಭಾವ. ಪುರೋಹಿತರು ಪಂಚಾಂಗ ಮುಚ್ಚಿದರು.

ಕೊನೆಗೆ ನನ್ನ ಬಲವಂತಕ್ಕೆ ಬಾಗಿಲಿಗೆ ಬೀಗ ಬಿತ್ತು, ಅಡ್ಡಲಾಗಿ ಮುಳ್ಳಿನ ಕೊಂಬೆಯೂ ಬಿತ್ತು. ಭಾವ ಮಾನಿಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ನಮ್ಮ ಮನೆಗೆ ಬಂದರು.

ಕೆಲವೇ ದಿನ ಕಳೆದಿರಬೇಕು. ಬೆಳಗ್ಗೆ ಕಾಫಿ ಕೊಡಲು ಹೋದ ನನ್ನ ಹೆಂಡತಿ ಲೋಟ ಕೆಡವಿ ಚೀರಿದಳು. ಓಡಿಹೋದೆ. ಭಾವ ಪೇಪರ್ ಓದಲು ಬ್ರೌಸರ್ ತೆರೆದಿದ್ದರು. ಪುಟ ಮೂಡಬೇಕಾದ ಜಾಗದಲ್ಲಿ ಅಕ್ಕ! ಅರ್ಧ ಮುಖ. ಒಂದು ಹುಬ್ಬು, ಅದರ ಪಕ್ಕಕ್ಕೆ ಜರುಗಿದ ಕುಂಕುಮ, ಮೂಗುಬೊಟ್ಟಿನ ಮಿಂಚು. ಭಾವ ಮೌಸ್ ಕದಲಿಸಿದರು. ಮುಖ ಕೆಳಕ್ಕೆ ಎಳೆದುಕೊಂಡು ಒಂದು ಕಣ್ಣಿನ ಕೆಳಗೆ ಇನ್ನೊಂದು ಕಣ್ಣು, ಅದರ ಕೆಳಗೆ ಮತ್ತೊಂದು. ಎಲ್ಲವೂ ನನ್ನನ್ನೇ ನೋಡುತ್ತಿದ್ದವು.

"ಬರ್ತಾ ಇದೆ, ತಡೀರಿ" ಎಂದರು ಭಾವ, ಶಾಂತವಾಗಿ.

"ಯಾರಣ್ಣ ಬರ್ತಿರೋದು?" ನನ್ನವಳು ನನ್ನ ಬೆನ್ನ ಹಿಂದಿನಿಂದ ಕೇಳಿದಳು.

"ಪೇಪರ್ ಕಣಮ್ಮ."

ಅಷ್ಟರಲ್ಲಿ ಪುಟ ಮೇಲಿನಿಂದ ಬೆಳ್ಳಗೆ ಇಳಿದು ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿತು. ಚಿನ್ನದ ಧಾರಣೆಯ ಸುದ್ದಿ ಬಂತು.

ಮರುದಿನವೂ ಅಕ್ಕ ಬಂದಳು. ಅದರ ಮರುದಿನವೂ. ಮಧ್ಯಾಹ್ನ ಬರುವುದಿಲ್ಲ, ರಾತ್ರಿ ಬರುವುದಿಲ್ಲ. ಬೆಳಗ್ಗೆ ಕಾಫಿಯ ಹೊತ್ತಿಗೇ ಹಾಜರು. ಹೀಗೆ ಹೊತ್ತು ಇಟ್ಟುಕೊಂಡು ಬರುವ ದೆವ್ವವನ್ನು ಯಾರಾದರೂ ಕಂಡಿದ್ದೀರಾ?

ನಾನು ಸುಮ್ಮನಿರುವವನೇ? ಮಾಲು ಕೆಟ್ಟರೆ ಮೊದಲು ತಟ್ಟಿ ನೋಡಬೇಕು, ಮಾನಿಟರನ್ನು ತಟ್ಟಿದೆ. ಆಮೇಲೆ ಬದಲಾಯಿಸಿ ನೋಡಬೇಕು. ಅಂಗಡಿಯಿಂದ ಬೇರೆ ಮಾನಿಟರ್ ತಂದು ಹಚ್ಚಿದೆ. ಅಕ್ಕ ಅದರಲ್ಲೂ ಬಂದಳು, ಇನ್ನೂ ಸ್ಪಷ್ಟವಾಗಿ! ಭಾವನನ್ನೇ ಕೇಳಿದೆ: "ಇದರೊಳಗೆ ಅಕ್ಕನ ಫೋಟೋ ಏನಾದ್ರೂ ಇದೆಯಾ?"

"ಇಲ್ಲ."

ಸುಳ್ಳು ಹೇಳುವ ನಾಲಿಗೆಯಲ್ಲ ಅದು. ಇಡೀ ಯಂತ್ರ ಜಾಲಾಡಿದೆ. ನಿಜವಾಗಿಯೂ ಇರಲಿಲ್ಲ. ಆಗ ನನಗೂ ಹೆದರಿಕೆಯಾಯಿತು ನೋಡಿ.

"ಬೀಗ ಹಾಕಿ, ಮುಳ್ಳು ಹಾಕಿ ಬಂದ್ರೂ ಅತ್ತಿಗೆ ಇದರ ಜೊತೇಲೇ ಬಂದ್ಬುಟ್ಟಿದಾರೆ ಕಣ್ರೀ," ಎಂದಳು ನನ್ನವಳು. "ಶುಕ್ರವಾರದೊಳಗೆ ಇದು ಮನೇಲಿರಕೂಡದು."

ಭಾವನಿಗೆ ಕೇಳಿಸಿತು. "ಅವರು ಹೊರಟ್ರೆ ನಾನೂ ಹೊರಟೆ" ಎಂದು ಕಂಪ್ಯೂಟರ್ ತೋರಿಸಿ ಚೀಲ ತೆಗೆದೇಬಿಟ್ಟರು. ಹೋಗುವುದೆಲ್ಲಿಗೆ? ಯಾದವಗಿರಿಗೇ. ಅವಧಿಗೆ ಮುಂಚೆ ಬೀಗ ತೆಗೆದವರ ಮನೆಗೆ ನಮ್ಮವರು ಯಾರೂ ಕಾಲಿಡುವುದಿಲ್ಲ, ನೀರು ಮುಟ್ಟುವುದಿಲ್ಲ. ಅಕ್ಕ ಮಲಗಿದ್ದ ಮಂಚ, ಅವಳು ಮಡಿಸಿಟ್ಟ ಸೀರೆಗಳು, ಅವುಗಳ ನಡುವೆ ಈ ಮನುಷ್ಯ ಒಬ್ಬರೇ. ಅದು ನನ್ನಿಂದ ನೋಡಲಾಗುವ ಮಾತಲ್ಲ.

ಎಲ್ಲಿಂದ ಬಂತೆಂದು ತಿಳಿಯದೆ ಒಂದು ಸ್ಟವ್ವನ್ನೂ ಕೊಂಡವನಲ್ಲ ನಾನು. ಈ ಮುಖ ಎಲ್ಲಿಂದ ಬರುತ್ತಿದೆ? ಗುರುವಾರ ಹಾಲಿನವನಿಗಿಂತ ಮುಂಚೆ ಎದ್ದು ಪರದೆಯ ಹಿಂದೆ ನಿಂತೆ.

ಭಾವ ಎದ್ದರು, ಮುಖ ತೊಳೆದರು, ಕಂಪ್ಯೂಟರ್ ಹಾಕಿದರು. ಅಂಗಿಯ ಜೇಬಿನಿಂದ ಫ್ಲಾಪಿಯೊಂದನ್ನು ತೆಗೆದು ಒಳಗಿಟ್ಟರು. ಅದು ಗರಗರ ಎಂದಿತು. ತೆರೆಯ ತುಂಬ ಅಕ್ಕ, ಇಡಿಯಾಗಿ, ನಗುತ್ತ. ಭಾವ ಕನ್ನಡಕ ತೆಗೆದರು. ಆ ಹೊತ್ತು ಅವರ ಮುಖವನ್ನು ನಾನು ನೋಡಬಾರದಿತ್ತು. ಆಮೇಲೆ ಫೋಟೋ ಮುಚ್ಚಿ, ಫ್ಲಾಪಿ ತೆಗೆದು ಜೇಬಿಗಿಟ್ಟು, ಬ್ರೌಸರ್ ಒತ್ತಿದರು. ಅರ್ಧ ಮುಖ ಮೂಡಿತು.

"ಬಾರಯ್ಯ, ಪರದೆ ಕೆಳಗೆ ಕಾಲು ಕಾಣ್ತಿದೆ" ಎಂದರು, ತಿರುಗದೆಯೇ.

ಬಂದು ಕುಳಿತೆ. "ಏನು ಭಾವ ಇದು?"

"ಡಿಸ್‌ಪ್ಲೇ ಕಾರ್ಡಿನ ಡ್ರೈವರ್ ಸರಿಯಿಲ್ಲ. ಪುಟ ಬರೋ ತನಕ ಆ ಜಾಗಾನ ಒರೆಸ್ಬೇಕು, ಇವರು ಒರೆಸಲ್ಲ. ಹಿಂದೆ ಏನು ತೋರಿಸಿದ್ರೋ ಅದೇ ಉಳ್ಕೊಂಡಿರುತ್ತೆ. ಒಂದು ಫೈಲಲ್ಲಿ ಒಂದು ಸಾಲು ಸೇರಿಸಿದ್ರೆ ಸರಿಹೋಗುತ್ತೆ."

"ಗೊತ್ತಿತ್ತಾ? ಮತ್ತೆ ಯಾಕೆ ಸೇರಿಸ್ಲಿಲ್ಲ?"

ಭಾವ ಕನ್ನಡಕದ ಗಾಜನ್ನು ಒರೆಸುತ್ತಲೇ ಇದ್ದರು. "ಫೋಟೋ ನಾನು ತೆಗೆದ್ರೆ ಬರುತ್ತೆ ಕಣಯ್ಯ. ಇದು ಹಾಗಲ್ಲ. ಇದರಲ್ಲಿ ಅವಳು ತಾನಾಗೇ ಬರ್ತಾಳೆ."

ಸಲಹೆ ಕೊಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದರೆ ಆಗ ಮೇಜಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸುತ್ತ ಕುಳಿತೆ. ಭಾವ ಕರಿಯ ಕಿಟಕಿಯೊಂದನ್ನು ತೆರೆದು ಆ ಸಾಲು ಬರೆಯತೊಡಗಿದರು. "ಇರಲಿ, ಹೆಣ್ಣುಮಗಳು ಹೆದರ್ಕೊಂಡಿದಾಳೆ."

"ಅದನ್ನ ಮುಟ್ಬೇಡಿ ಅಣ್ಣ."

ಬಾಗಿಲಲ್ಲಿ ನನ್ನವಳು, ಕೈಯಲ್ಲಿ ಕಾಫಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟಗಳನ್ನಿಟ್ಟು ಮಣೆ ಎಳೆದುಕೊಂಡು ನಮ್ಮ ನಡುವೆ ಕೂತಳು. ಭಾವ ಬರೆದಿದ್ದನ್ನು ಅಳಿಸಿ ಮತ್ತೆ ಫ್ಲಾಪಿ ಹಾಕಿದರು, ತೆಗೆದರು, ಬ್ರೌಸರ್ ಒತ್ತಿದರು. ಪುಟ ತರಲು ಮೋಡೆಮ್ ಕೀಚಲು ದನಿಯಲ್ಲಿ ಟೆಲಿಫೋನ್ ಲೈನನ್ನು ಹುಡುಕತೊಡಗಿತು. ಅಕ್ಕನ ಹುಬ್ಬು, ಕುಂಕುಮ, ಮೂಗುಬೊಟ್ಟು. ಮೂವರೂ ನೋಡುತ್ತ ಕೂತೆವು. ಲೈನು ಸಿಗದಿರಲಿ ದೇವರೇ ಎಂದು ಬೇಡಿಕೊಂಡೆ.