ಎಡಗಡೆಯ ಬಾಗಿಲು

ಕೆಲವರಿಗೆ ಬೀಡಿ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಬಿಚ್ಚುವ ಚಟ. ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೂ ಇದರೊಳಗೆ ಏನಿರಬಹುದು ಎಂದು ನನ್ನ ಕೈ ಸುಮ್ಮನಿರುವುದಿಲ್ಲ, ಇನ್ನು ಕೆಟ್ಟು ಕೂತದ್ದು ಸಿಕ್ಕರೆ ಕೇಳಬೇಕೆ. ನಮ್ಮ ಮನೆಯ ಮಿಕ್ಸಿ, ಗೋಡೆ ಗಡಿಯಾರ, ಮದುವೆಗೆ ಉಡುಗೊರೆ ಬಂದ ಟೇಬಲ್ ಫ್ಯಾನು ಎಲ್ಲವೂ ನನ್ನ ಕೈಯಲ್ಲಿ ಒಮ್ಮೆ ಬಿಚ್ಚಿಸಿಕೊಂಡು ಧನ್ಯವಾಗಿವೆ. ಫ್ಯಾನು ಈಗಲೂ ತಿರುಗುತ್ತದೆ, ಗಾಳಿ ಮಾತ್ರ ಹಿಂದಕ್ಕೆ ಬೀಸುತ್ತದೆ. ಅದನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟುಕೊಂಡರೆ ಆಯಿತಲ್ಲ ಎಂಬುದು ನನ್ನ ವಾದ. ಹೆಂಡತಿ ಸವಿತ ಈ ವಾದವನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಇತಿಹಾಸದವರ ಕೆಲಸವೂ ಅಗೆಯುವುದೇ ತಾನೆ. ಅಗೆದದ್ದನ್ನು ಮತ್ತೆ ಮೊದಲಿನಂತೆ ಮುಚ್ಚಿಕೊಡಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ಚಟ ನಮ್ಮ ಹಳೇ ಕಾರಿನ ತನಕ ಬಂದದ್ದು ಸವಿತಳ ತಮ್ಮನ ಮದುವೆಯಿಂದ. ಮದುವೆ ಮುಗಿದು, ಹೆಣ್ಣಿನ ಕಡೆಯವರು ನಾಗಮಂಗಲದಲ್ಲಿ ಬೀಗರೂಟ ಇಟ್ಟುಕೊಂಡಿದ್ದರು. ನಮ್ಮ ಕಡೆಗೆ ಹಿರಿಯರೆಂದರೆ ಚಿನಕುರಳಿಯ ತಿಮ್ಮೇಗೌಡರು, ಸವಿತಳ ದೊಡ್ಡಪ್ಪ. ತಂದೆಯಿಲ್ಲದ ಇವಳನ್ನೂ ಇವಳ ತಮ್ಮನನ್ನೂ ಸಾಕಿ ದಡ ಹತ್ತಿಸಿದವರು. ವಯಸ್ಸಿನಲ್ಲಿ ಊರಿನ ಪೌರಾಣಿಕ ನಾಟಕಗಳಲ್ಲಿ ರಾಜನ ಪಾರ್ಟು ಮಾಡುತ್ತಿದ್ದರು. ಕಿರೀಟವನ್ನು ಬಾಡಿಗೆಯವರಿಗೆ ವಾಪಸು ಕೊಟ್ಟರೂ ನಡಿಗೆಯನ್ನು ತಮ್ಮಲ್ಲೇ ಉಳಿಸಿಕೊಂಡಿದ್ದಾರೆ. ಅಂಥವರು ನಮ್ಮ ಗೃಹಪ್ರವೇಶಕ್ಕೆ ಬಂದು ಗೇಟಿನ ಮುಂದೆ ನಿಂತಾಗ ಕೈಹಿಡಿದು ಒಳಕ್ಕೆ ಕರೆದುಕೊಳ್ಳಲು ಯಾರೂ ಇರಲಿಲ್ಲವಂತೆ. ನಾನು ಒಳಗೆ ಹೋಮದ ಹೊಗೆಯಲ್ಲಿ ಕಣ್ಣು ಬಿಡಲಾಗದೆ ಕೂತಿದ್ದೆ. ಆದರೆ ಹೊಗೆಯ ಸಾಕ್ಷಿಯನ್ನು ಯಾರು ಕೇಳುತ್ತಾರೆ? ಅಂದು ಉಂಡು ಹೋದವರು ಮತ್ತೆ ನಮ್ಮ ಹೊಸಿಲು ತುಳಿದಿರಲಿಲ್ಲ. ಸವಿತ ಒಬ್ಬಳೇ ಚಿನಕುರಳಿಗೆ ಹೋಗಿ ಬರುತ್ತಿದ್ದಳು.

ಈಗ ಬೀಗರೂಟಕ್ಕೆ ದೊಡ್ಡಪ್ಪ ನಮ್ಮ ಕಾರಿನಲ್ಲೇ ಬರುವುದಕ್ಕೆ ಹೇಗೋ ಒಪ್ಪಿದ್ದರು. ಈ ಸಲ ಏನಾದರೂ ಎಡವಟ್ಟಾದರೆ ತನಗೆ ತವರು ಇಲ್ಲ ಅಂತಲೇ ತಿಳಿದುಕೊಳ್ಳಬೇಕು ಎಂದು ಸವಿತ ಮೊದಲೇ ಎಚ್ಚರಿಸಿದಳು. ದಾರಿಯುದ್ದಕ್ಕೂ ಅವರಿಗೆ ನಾಟಕದ ಹಾಡು ಹಾಕಬೇಕು ಎಂದೂ ಹೇಳಿದಳು. ಅವರು ಕೂರಬೇಕಾದ ಮುಂದಿನ ಎಡಗಡೆ ಸೀಟಿನ ಪಕ್ಕದ ಸ್ಪೀಕರು ಗೊರಗೊರ ಅನ್ನುತ್ತಿತ್ತು. ಕಾರನ್ನು ಒಂದು ದಿನ ಬಿಟ್ಟು ಹೋಗಿ ಎಂದ ಪೇಟೆಯ ಮೆಕ್ಯಾನಿಕ್ಕು. ನಾನು ನಕ್ಕು ಬಂದೆ. ಯಾಕೆಂದರೆ ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿದ್ದೆ.

ವಿಡಿಯೋದ ಪುಣ್ಯಾತ್ಮ ಎರಡು ಸ್ಕ್ರೂ ಬಿಚ್ಚಿ, ಅವರೆಕಾಯಿ ಸುಲಿದ ಹಾಗೆ ಬಾಗಿಲ ಒಳಮೈಗೆ ಹೊದಿಸಿದ ಪ್ಲಾಸ್ಟಿಕ್ ಹಲಗೆಯನ್ನು ತೆಗೆದಿಟ್ಟುಬಿಟ್ಟ. ಬೀಗರೂಟದ ಬೆಳಿಗ್ಗೆ ನಾನೂ ಸ್ಕ್ರೂ ಬಿಚ್ಚಿದೆ. ಹಲಗೆ ಅಲುಗಲಿಲ್ಲ. ಅದರ ಬೆನ್ನಿಗೆ ಸುತ್ತಲೂ ಕ್ಲಿಪ್ಪುಗಳಿದ್ದು, ಮೀಟಿ ಎಬ್ಬಿಸಬೇಕಂತೆ. ಅಡುಗೆಮನೆಯಿಂದ ದೋಸೆ ಮಗುಚುವ ಕೈ ತಂದು ಸಂದಿಗೆ ತೂರಿಸಿದೆ, ಅದು ಬಾಗಿತು. ಮುದ್ದೆ ಕೋಲು ತಂದೆ. ಅದಕ್ಕೆ ಹಲಗೆ ಹೆದರಿತು. ಟಪಟಪ ಸದ್ದಿನೊಂದಿಗೆ ಹಲಗೆಯೂ ನಾನೂ ಒಟ್ಟಿಗೆ ಅಂಗಳಕ್ಕೆ ಬಿದ್ದೆವು. ಕ್ಲಿಪ್ಪುಗಳಲ್ಲಿ ಅರ್ಧ ಮುರಿದವು, ಒಂದು ಪಕ್ಕದ ಮನೆಯ ತುಳಸಿಕಟ್ಟೆಯ ತನಕ ಹಾರಿತು. ಹಳೇ ಸ್ಪೀಕರಿನ ಕಾಗದ ಹಪ್ಪಳದ ಹಾಗೆ ಚೂರಾಗಿತ್ತು. ಹೊಸದನ್ನು ಕೂರಿಸಿ, ಹಲಗೆ ಇಟ್ಟು, ಉಳಿದ ಕ್ಲಿಪ್ಪುಗಳನ್ನು ಗುದ್ದಿ ಗುದ್ದಿ ಸೇರಿಸಿದೆ. ಹಾಡು ಹಾಕಿದರೆ ಹಾರ್ಮೋನಿಯಂ ಎದೆಯೊಳಗೇ ನುಡಿದ ಹಾಗಿತ್ತು. ಆನಂದದಿಂದ ಅದೇ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಒಂದು ಹಾಡು ಪೂರ್ತಿ ಕೇಳಿದೆ.

ಕೇಳಿ ಮುಗಿಸಿ ಇಳಿಯಲು ಬಾಗಿಲ ಹಿಡಿ ಎಳೆದರೆ ಅದು ಸುಮ್ಮನೆ ಕೈಗೆ ಬಂದು ವಾಪಸು ಹೋಯಿತು. ಹಿಡಿಗೂ ಬಾಗಿಲಿಗೂ ನಡುವೆ ಒಂದು ತಂತಿ ಇರುತ್ತದೆ, ಅದನ್ನು ಸಿಕ್ಕಿಸುವುದನ್ನು ಮರೆತಿದ್ದೆ. ಗಾಜು ಇಳಿಸುವ ಗುಂಡಿಯ ವೈರನ್ನೂ ಮರೆತಿದ್ದೆ. ಗೇರು ದಾಟಿ ಡ್ರೈವರ್ ಸೀಟಿನ ಕಡೆಯಿಂದ ಹೊರಬರುವಷ್ಟರಲ್ಲಿ ನನ್ನ ಹೊಟ್ಟೆ ಎಷ್ಟು ದೊಡ್ಡದು ಎಂಬುದು ನನಗೇ ತಿಳಿಯಿತು. ಮತ್ತೆ ಕಿತ್ತರೆ ಇರುವ ಕ್ಲಿಪ್ಪುಗಳೂ ಹೋಗುತ್ತವೆ. ಸವಿತ ರೇಷ್ಮೆ ಸೀರೆ ಉಟ್ಟು ಹೊರಗೆ ಬಂದಾಗಿತ್ತು. ಹೊರಗಿನಿಂದ ತೆರೆಯುತ್ತದಲ್ಲ, ನಾನೇ ಇಳಿದು ತೆಗೆದರೆ ಮುಗಿಯಿತು ಎಂದುಕೊಂಡು, ಯಾರಿಗೂ ಹೇಳದೆ ಕಾರು ಹತ್ತಿದೆ.

ಚಿನಕುರಳಿಯಲ್ಲಿ ದೊಡ್ಡಪ್ಪನನ್ನು ನಾನೇ ಕೂರಿಸಿ ಬಾಗಿಲು ಹಾಕಿದೆ. ಅವರು ನನ್ನ ಕಡೆ ನೋಡದೆ ಹಾರ್ಮೋನಿಯಂಗೆ ತೊಡೆಯ ಮೇಲೆ ತಾಳ ಹಾಕಿದರು. ಜಕ್ಕನಹಳ್ಳಿ ದಾಟಿದ ಮೇಲೆ ನೋಡುತ್ತೇನೆ, ಅವರ ಬಾಯಿ ತುಂಬ ಎಲೆ ಅಡಿಕೆ, ಬೆರಳು ಗಾಜಿನ ಗುಂಡಿಯ ಮೇಲೆ! ಗಕ್ಕನೆ ಬ್ರೇಕು ಹಾಕಿ, ಕಾರಿನ ಮೂತಿ ಸುತ್ತಿ ಓಡಿ, ಬಾಗಿಲು ತೆರೆದು ಕೈಕಟ್ಟಿ ನಿಂತೆ. ಅವರು ನಿಧಾನವಾಗಿ ಇಳಿದು, ಉಗಿದು, ಬಾಯಿ ಒರೆಸಿಕೊಂಡು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಅಳಿಯಂದ್ರೆ, ನಿಮಗ್ಯಾಕೆ ಇಷ್ಟೊಂದು ತೊಂದ್ರೆ," ಎಂದರು. ಧ್ವನಿ ಮೆತ್ತಗಿತ್ತು.

ನಾಗಮಂಗಲದ ಛತ್ರದ ಮುಂದೆ ಹೆಣ್ಣಿನ ಕಡೆಯವರೆಲ್ಲ ಸಾಲಾಗಿ ನಿಂತಿದ್ದರು. ಈ ಸಲ ದೊಡ್ಡಪ್ಪ ಹಿಡಿಗೆ ಕೈಯನ್ನೇ ಹಾಕಲಿಲ್ಲ. ನೆಟ್ಟಗೆ ಕೂತು ಮುಂದೆ ನೋಡುತ್ತಿದ್ದರು. ನಾನು ಪಂಚೆ ಎತ್ತಿಕೊಂಡು ಓಡಿದೆ, ತೆರೆದೆ, ಬಾಗಿದೆ. ತಲೆ ತಾಗದಿರಲಿ ಎಂದು ಕೈಯನ್ನೂ ಅಡ್ಡ ಹಿಡಿದೆ, ಅದು ಮಾತ್ರ ನನ್ನ ಸ್ವಂತ ಯೋಚನೆ. ಜನದ ನಡುವೆ ಪಿಸಪಿಸ ಎದ್ದಿತು. ಇವರು ಯಾರು ಎಂದು ಬೀಗರು ಕೇಳಿದ್ದಕ್ಕೆ ಕಾಲೇಜ್ ಮೇಷ್ಟ್ರು ಎಂದು ಯಾರೋ ಹೇಳಿದರು. ಮೇಷ್ಟ್ರಾದವರೇ ಹೀಗೆ ಬಾಗುವುದಾದರೆ ಗೌಡರು ಇನ್ನೆಷ್ಟು ದೊಡ್ಡವರಿರಬೇಕು ಎಂದು ಬೀಗರು ಇನ್ನೂ ಕೆಳಗೆ ಬಾಗಿದರು. ಪಂಕ್ತಿಯಲ್ಲಿ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಮ್ಮ ಎಲೆಯ ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನೇ ನನ್ನ ಎಲೆಗೆ ಹಾಕಿದರು. ಆಮೇಲೆ ಸವಿತಳನ್ನು ಕರೆದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಮಗಾ, ನಿನ್ ಗಂಡ ಮರ್ವಾದೆ ತಿಳ್ದೋರು ಕಣವ್ವ. ನಾನೇ ತಪ್ಪು ತಿಳ್ಕಂಡಿದ್ದೆ. ಬರೋ ಸೋಮ್ವಾರ ನಿನ್ ಮನೇಗ್ ಬತ್ತೀನಿ ಬುಡು."

ಸವಿತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಏನೋ ಹೇಳಹೊರಟೆ, ಬಾಯಿ ತುಂಬ ಮುದ್ದೆಯಿತ್ತು.

ವಾಪಸು ಬರುವಾಗ, ದೊಡ್ಡಪ್ಪನನ್ನು ಇಳಿಸಿದ ಮೇಲೆ, ಮನಸ್ಸು ತಡೆಯದೆ ಅವಳಿಗೆ ತಂತಿಯ ವಿಷಯ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ಅದನ್ನೇನಾದ್ರೂ ರಿಪೇರಿ ಮಾಡಿಸಿದ್ರೆ ನೋಡಿ," ಎಂದಳು.

ಅಂದಿನಿಂದ ಮುದ್ದೆ ಕೋಲಿಗೆ ನನ್ನ ಮನೆಯಲ್ಲಿ ಕಾವಲಿದೆ. ದೊಡ್ಡಪ್ಪ ತಿಂಗಳಿಗೊಮ್ಮೆ ಬರುತ್ತಾರೆ, ಬಾಗಿಲು ತೆರೆಯಲು ನಾನು ಓಡುತ್ತೇನೆ. ಚಿನಕುರಳಿಯ ಉಳಿದ ಅಳಿಯಂದಿರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಈಚೆಗೆ ಸವಿತ ಕಾರು ಓಡಿಸುವುದನ್ನು ಕಲಿತಿದ್ದಾಳೆ. ಹೀಗಾಗಿ ಎಡಗಡೆ ಸೀಟು ನನ್ನ ಪಾಲಿಗೆ ಬಂದಿದೆ. ಮೊನ್ನೆ ಬೆಳ್ಳೂರು ಕ್ರಾಸಿನಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿ ಇಳಿದವಳಿಗೆ ಹಳೇ ಗೆಳತಿ ಸಿಕ್ಕಿಬಿಟ್ಟಳು. ಅಷ್ಟು ಜನರ ಮುಂದೆ ಹೊಟ್ಟೆ ಹೊತ್ತು ಗೇರು ದಾಟಲು ಮನಸ್ಸಾಗದೆ ನಾನು ಒಳಗೇ ಉಳಿದೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಎದುರಿಗೆ ಬಂದ. ಬಾಗಿಲು ತೆಗೆಯೋ ಎಂದು ಗಾಜು ತಟ್ಟಿ ಕೈಸನ್ನೆ ಮಾಡಿದೆ. ಆಶೀರ್ವಾದ ಎಂದು ತಿಳಿದು ಕೈಮುಗಿದು ಹೊರಟುಹೋದ. ಹೊಸ ಸ್ಪೀಕರಿನಲ್ಲಿ ಎಷ್ಟೋ ಹಾಡು ಮುಗಿದ ಮೇಲೆ ಸವಿತ ಬಂದು, ಕಾರಿನ ಮೂತಿ ಸುತ್ತಿ, ಬಾಗಿಲು ತೆರೆದು, ತಲೆ ತಾಗದ ಹಾಗೆ ಕೈ ಅಡ್ಡ ಹಿಡಿದಳು. ಹೋಟೆಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅರ್ಧ ಗಂಟೆಯಿಂದ ಬೈಗುಳ ಜೋಡಿಸಿಟ್ಟುಕೊಂಡಿದ್ದ ನಾನು ಅದನ್ನೆಲ್ಲ ನುಂಗಿ, ಶರಟು ಸರಿಮಾಡಿಕೊಂಡು, ದೊಡ್ಡಪ್ಪನ ಹಾಗೆಯೇ ನಿಧಾನವಾಗಿ ಇಳಿದೆ.