ಯಾವ ಬಂದೂಕಿನದು, ಹೇಳಮ್ಮಾ!

ಬಂದೂಕು ಇರುವ ಕಡೆ ಎಲ್ಲರೂ ಗಂಭೀರವಾಗಿರುತ್ತಾರೆ ಎಂದು ಜನ ನಂಬಿದ್ದಾರೆ. ನಾನು ಬಂದೂಕುಗಳ ನಡುವೆಯೇ ಕೂತು ಬುತ್ತಿ ಉಂಡವಳು. ಅಲ್ಲಿ ಗಲಿಬಿಲಿ ಇಲ್ಲದ ವಾರವೇ ಇರಲಿಲ್ಲ. ಅದರಲ್ಲಿ ಅರ್ಧ ನನ್ನದೇ.

ಪೊಲೀಸರು ಕಳಿಸಿದ ಬಂದೂಕು, ಖಾಲಿ ತೋಟಾ, ಹೆಣದಿಂದ ತೆಗೆದ ಗುಂಡು, ಇವನ್ನೆಲ್ಲ ಪರೀಕ್ಷಿಸಿ ಕೋರ್ಟಿಗೆ ವರದಿ ಕೊಡುವ ಸರ್ಕಾರಿ ಕಚೇರಿ ನಮ್ಮದು. ನಾನು ಸೇರಿದ್ದು ಕಸ ಗುಡಿಸಲು. ಶಾಲೆಯಲ್ಲಿ ಓದಿದ್ದು ಏಳನೇ ಕ್ಲಾಸು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬಂದೂಕು ವಿಭಾಗದ ಸಹಾಯಕರು ನಿವೃತ್ತರಾದರು. ನಾನು ನೇರ ಸಾಹೇಬರ ಮುಂದೆ ಹೋಗಿ ನಿಂತು, "ಆ ಕೆಲಸ ನನಗೆ ಕೊಡಿ ಸಾರ್" ಎಂದೆ.

ಸಾಹೇಬರು ಕನ್ನಡಕ ತೆಗೆದು ನೋಡಿದರು. "ಆರು ತಿಂಗಳು ಬದಲಿಯಾಗಿ ಮಾಡು. ಆಮೇಲೆ ಸಂದರ್ಶನ ಇರುತ್ತೆ. ಪಾಸಾದ್ರೆ ಕೆಲಸ ನಿಂದು. ಇಲ್ಲಾಂದ್ರೆ ಮತ್ತೆ ಪೊರಕೆ."

ಆ ಆರು ತಿಂಗಳ ಕಥೆ ಇದು.

ಚಕ್ಕಲಿಯ ಗೀರು

ಫುಟ್‌ಪಾತಿನಲ್ಲಿ ಒಂದು ಹಳೇ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಪಿಸ್ತೂಲಿನ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ತೋಡು ಕೊರೆದಿರುತ್ತಾರಂತೆ. ಗುಂಡು ಅದನ್ನು ಉಜ್ಜಿಕೊಂಡೇ ಹೊರಗೆ ಬರಬೇಕು. ಒಂದು ನಳಿಗೆ ಹಾಕುವ ಗೀರನ್ನು ಇನ್ನೊಂದು ಹಾಕುವುದಿಲ್ಲವಂತೆ. ಅದೇ ಪುಟವನ್ನು ನಾಲ್ಕು ಸಲ ಓದಿದೆ. ತಲೆಗೆ ಹತ್ತಲಿಲ್ಲ.

ಗೋಕುಲಾಷ್ಟಮಿ ಬಂತು. ಚಕ್ಕಲಿ ಒತ್ತುತ್ತಾ ಕೂತಿದ್ದಾಗ ನೋಡುತ್ತೇನೆ, ಪ್ರತಿ ಚಕ್ಕಲಿಯ ಮೇಲೂ ಒಂದೇ ಜಾಗದಲ್ಲಿ ಒಂದು ಸಣ್ಣ ಗೀರು! ನನ್ನ ಒರಳಿನ ಬಿಲ್ಲೆಯಲ್ಲಿ ಒಂದು ಹಲ್ಲು ಮುಕ್ಕಾಗಿತ್ತು. ಪುಸ್ತಕದ ಪುಟ ಪೂರ್ತಿ ಅರ್ಥವಾಗಿಬಿಟ್ಟಿತು.

ಶಂಕರಪುರದ ನಮ್ಮ ವಠಾರದಲ್ಲಿ ಕೊನೇ ಮನೆಯವರಿಗೆ ಬೆಳಿಗ್ಗೆ ಒಂದು ತಟ್ಟೆ ಚಕ್ಕಲಿ ಕೊಟ್ಟೆ. ಸಾಯಂಕಾಲ ವಠಾರದ ಓನರಮ್ಮ ನಮ್ಮ ಮನೆಗೇ ಒಂದು ತಟ್ಟೆ ತಂದರು.

"ಬೆಳಗಿಂದ ಕೂತು ನಾನೇ ಒತ್ತಿದ್ದು ಕಣೆ. ಸೊಂಟ ಬಿದ್ದುಹೋಯ್ತು."

ಭೂತಗನ್ನಡಿ ತಂದು ನೋಡಿದೆ. "ಇಲ್ಲಾ ಓನರಮ್ಮ, ಇದು ನನ್ನ ಒರಳಿಂದೇ ಬಂದಿರೋದು. ನೋಡಿ ಗೀರು. ಕೊನೇ ಮನೆಯವರು ನಿಮಗೆ ಕೊಟ್ಟಿದಾರೆ, ನೀವು ನನಗೆ ಕೊಟ್ಟಿದೀರಿ."

ಓನರಮ್ಮ ತಟ್ಟೆ ಸಮೇತ ವಾಪಸ್ ಹೋದರು. ಆ ವರ್ಷದ ಹಬ್ಬಗಳಿಗೆ ವಠಾರದವರು ನಮ್ಮ ಮನೆಗೆ ಕಳಿಸಿದ್ದು ಬರೀ ಒಗ್ಗರಣೆ ಅವಲಕ್ಕಿ. ಅವಲಕ್ಕಿಯಲ್ಲಿ ಗೀರು ಇರುವುದಿಲ್ಲವಲ್ಲ!

ಹೊಳೆಯುವ ಪುರಾವೆ

ಪಿಸ್ತೂಲು ಹೊಡೆದಾಗ ಹೊರಗೆ ಬೀಳುವ ಹಿತ್ತಾಳೆಯ ಖಾಲಿ ತೋಟಾದ ಮೇಲೂ ಆ ಪಿಸ್ತೂಲಿನ ಗುರುತು ಉಳಿಯುತ್ತದೆ. ಒಂದು ದಿನ ದೂರದ ಠಾಣೆಯಿಂದ ಕಾನ್‌ಸ್ಟೇಬಲ್ ಒಬ್ಬರು ಅರಗಿನ ಮೊಹರು ಹಾಕಿದ ಪೊಟ್ಟಣ ತಂದರು. ಬಿಚ್ಚಿದರೆ ಎರಡು ತೋಟಾ, ದೇವರ ಮನೆಯ ದೀಪದ ಹಾಗೆ ಫಳಫಳ ಹೊಳೆಯುತ್ತಿವೆ.

ಸಾಹೇಬರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಮಧ್ಯಾಹ್ನದವರೆಗೆ ಎದ್ದೇಳಲಿಲ್ಲ. "ಇದೇನಮ್ಮ, ಸಾವಿರ ಗೀರು! ಯಾವ ದೇಶದ ಪಿಸ್ತೂಲು ಹೀಗೆ ಪರಚುತ್ತೆ?"

ನಾನೂ ನೋಡಿದೆ. ಆ ಗೀರು ನನಗೆ ಚೆನ್ನಾಗಿ ಪರಿಚಯ. ನಮ್ಮ ಮನೆಯ ಚೊಂಬಿನ ಮೇಲೂ ಇದೆ.

"ತೊಳೆದ್ರೇನಪ್ಪಾ ಇದನ್ನ?" ಎಂದು ಕಾನ್‌ಸ್ಟೇಬಲ್ಲರನ್ನು ಕೇಳಿದೆ.

"ಕರ್ರಗಿತ್ತು ಮೇಡಮ್. ಬೆಂಗಳೂರಿನ ದೊಡ್ಡ ಆಫೀಸಿಗೆ ಹಂಗೇ ತರೋಕಾಗುತ್ತಾ? ನಮ್ಮನೆಯವಳು ಹುಣಸೇಹಣ್ಣು, ಬೂದಿ ಹಾಕಿ ಉಜ್ಜಿಕೊಟ್ಲು."

ಪುರಾವೆಗಳನ್ನು ಯಾರೂ ತೊಳೆಯಕೂಡದು ಎಂದು ಸಾಹೇಬರು ಠಾಣೆಗಳಿಗೆಲ್ಲ ಸುತ್ತೋಲೆ ಕಳಿಸಿದರು. ಆಯುಧಪೂಜೆ ಮುಗಿದ ವಾರ ಅದೇ ಕಾನ್‌ಸ್ಟೇಬಲ್ ಇನ್ನೊಂದು ಕೇಸಿನ ಪಿಸ್ತೂಲು ತಂದರು. ಬಾಗಿಲಲ್ಲೇ ಎದೆ ಉಬ್ಬಿಸಿ ಹೇಳಿದರು:

"ನೀರು ಸೋಕಿಸಿಲ್ಲ ಮೇಡಮ್. ಬರೀ ಅರಿಶಿನ ಕುಂಕುಮ ಇಟ್ಟಿದೀವಿ."

ಆರಡಿ ಹಾಸಿಗೆ

ಅನುಮಾನದ ಪಿಸ್ತೂಲಿನಿಂದ ನಾವೇ ಒಂದು ಗುಂಡು ಹಾರಿಸಿ, ಅದನ್ನು ಹೆಣದಲ್ಲಿ ಸಿಕ್ಕ ಗುಂಡಿನ ಪಕ್ಕ ಇಟ್ಟು ನೋಡುತ್ತೇವೆ. ಹಾರಿಸಿದ ಗುಂಡು ನಜ್ಜುಗುಜ್ಜಾಗಬಾರದು. ಅದಕ್ಕೆ ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಹತ್ತಿ ತುಂಬಿ, ಅದರೊಳಕ್ಕೆ ಹೊಡೆಯುವುದು. ಹಳೇ ಹತ್ತಿ ಗಂಟುಕಟ್ಟಿತ್ತು. ಹೊಸದು ತರಲು ಅಕ್ಕಿಪೇಟೆಯ ಹಾಸಿಗೆ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಒಬ್ಬ ಮುದುಕ.

"ಅಳತೆ ಹೇಳಿ ತಾಯಿ."

"ಉದ್ದ ಆರಡಿ, ಅಗಲ ಒಂದೂವರೆ."

"ಒಂದೂವರೆ ಅಡೀಲಿ ಯಾರು ಮಲಗ್ತಾರೆ? ಮಗ್ಗುಲು ಬದಲಾಯಿಸೋಕೂ ಆಗಲ್ಲ."

"ಮಗ್ಗುಲೆಲ್ಲ ಬದಲಾಯಿಸಲ್ಲಪ್ಪ. ಮರದ ಪೆಟ್ಟಿಗೆ ಅದು. ಮೇಲೆ ಮುಚ್ಚಳ ಹಾಕ್ತೀವಿ."

ಮುದುಕನ ಮುಖ ಬಾಡಿತು. "ಅಯ್ಯೋ. ಯಾವಾಗ ಹೋದ್ರು ತಾಯಿ?"

"ಯಾರೂ ಹೋಗಿಲ್ಲ. ಗುಂಡು ಹೊಡೆಯೋದು ಗುರುವಾರ. ಅಷ್ಟರಲ್ಲಿ ಹತ್ತಿ ಕೊಟ್ಟರೆ ಸಾಕು."

ಮುದುಕ ತಕ್ಕಡಿ ಕೆಳಗಿಟ್ಟ. ಅತ್ತ ಇತ್ತ ನೋಡಿ, ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಅವರಿಗೆ ಈ ವಿಷಯ ಗೊತ್ತಾ?"

ಸಂದರ್ಶನ

ಆರು ತಿಂಗಳು ಮುಗಿಯಿತು. ಒಂದೇ ಕೆಲಸ, ಮೂವರು ಅಭ್ಯರ್ಥಿಗಳು. ನನ್ನನ್ನು ಬಿಟ್ಟು ಇಬ್ಬರೂ ಬಿ.ಎಸ್‌ಸಿ. ಒಳಗೆ ನಮ್ಮ ಸಾಹೇಬರು, ಅವರ ಪಕ್ಕ ಆಡಳಿತ ವಿಭಾಗದ ಅಧಿಕಾರಿ. ಈ ಅಧಿಕಾರಿ ಒಳ್ಳೆಯ ಮನುಷ್ಯ, ಆದರೆ ಬಂದೂಕು ನೋಡಿದ್ದು ಅವತ್ತೇ ಮೊದಲು.

ಮೇಜಿನ ಮೇಲೆ ಮೂರು ನಾಡ ಬಂದೂಕು. ಮುಂದೆ ಒಂದು ತಟ್ಟೆಯಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಸೀಸದ ಗುಂಡುಗಳು. ಪ್ರಶ್ನೆ ಒಂದೇ: ಈ ಗುಂಡುಗಳು ಯಾವ ಬಂದೂಕಿನಿಂದ ಬಂದವು?

ಮೊದಲು ಹೋದವನು ಹೊರಗೆ ಬಂದು, "ಎಡಗಡೇದು ಅಂದೆ" ಎಂದ. ಎರಡನೆಯವನು, "ಮಧ್ಯದ್ದು. ವಾಸನೆ ನೋಡಿ ಹೇಳ್ದೆ" ಎಂದು ಬೀಗಿದ.

ಒಳಗೆ ಹೋಗಿ ಬ್ಯಾಟರಿ ಹಾಕಿ ಮೂರೂ ನಳಿಗೆಗಳ ಒಳಗೆ ಇಣುಕಿದೆ. ಮೂರೂ ನೀರಿನ ಕೊಳವೆಯ ಹಾಗೆ ನುಣ್ಣಗಿವೆ. ಸುರುಳಿ ಇಲ್ಲ, ತೋಡು ಇಲ್ಲ. ಗೀರು ಹಾಕುವುದಕ್ಕೆ ಅಲ್ಲಿ ಏನೂ ಇಲ್ಲ. ಇಂಥ ಬಂದೂಕಿನ ಗುಂಡು ಯಾವುದರಿಂದ ಬಂತು ಎಂದು ಗುರುತಿಸುವುದು ಹೇಗೆ? ಪುಸ್ತಕವನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ದಾರಿ ಕಾಣಲಿಲ್ಲ.

"ಹೇಳೋಕಾಗಲ್ಲ ಸಾರ್."

ಸಾಹೇಬರು ಸುಮ್ಮನೆ ಸೂರು ನೋಡುತ್ತಿದ್ದರು. ಆಡಳಿತದವರಿಗೆ ಅಯ್ಯೋ ಎನಿಸಿತು. "ಗಾಬರಿಯಾಗ್ಬೇಡಮ್ಮ. ಮೂರರಲ್ಲಿ ಒಂದು, ಅಷ್ಟೇ ತಾನೆ?"

"ಆಗಲ್ಲ ಸಾರ್."

ಅವರು ಕೆಮ್ಮಿದರು. ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಮಧ್ಯದ ಬಂದೂಕಿನ ಕಡೆ ತಿರುಗಿಸಿ ಇಟ್ಟರು. ನಾನು ಪೆನ್ನು ನೋಡಿದೆ, ಅವರನ್ನೂ ನೋಡಿದೆ.

"ಅದೂ ಅಂತ ಹೇಳೋಕಾಗಲ್ಲ ಸಾರ್."

"ಕೆಲಸ ಬೇಡವೇನಮ್ಮಾ ನಿನಗೆ?"

"ಬೇಕು ಸಾರ್. ಈ ಕೆಲಸಕ್ಕೋಸ್ಕರ ಆರು ತಿಂಗಳು ಒದ್ದಾಡಿದೀನಿ. ಆದ್ರೆ ನಾನಿಲ್ಲಿ ಮಧ್ಯದ್ದು ಅಂದ್ರೆ, ನಾಳೆ ಆ ಬಂದೂಕಿನವನು ಜೈಲಿಗೆ ಹೋಗ್ತಾನೆ. ನನಗೆ ಪೊರಕೆನೇ ಕೊಟ್ಬಿಡಿ."

ಸಾಹೇಬರು ಸೂರಿನಿಂದ ಕಣ್ಣು ಇಳಿಸಿದರು. "ಕೆಲಸ ಇವಳಿಗೇ. ಸರಿಯಾದ ಉತ್ತರ ಅದೇ. ನುಣ್ಣನೆ ನಳಿಗೆಯ ಗುಂಡಿಗೆ ಗುರುತು ಇರೋದಿಲ್ಲ. ಅದೂ ಅಲ್ದೆ, ಈ ಗುಂಡುಗಳನ್ನ ನಾನೇ ಬೆಳಿಗ್ಗೆ ಪೊಟ್ಟಣದಿಂದ ಸುರಿದದ್ದು. ಇವನ್ನ ಯಾರೂ ಯಾವ ಬಂದೂಕಿನಿಂದಲೂ ಹಾರಿಸೇ ಇಲ್ಲ."

ನಾನು ಕೇಳದೆಯೇ ಕುರ್ಚಿಯಲ್ಲಿ ಕೂತುಬಿಟ್ಟೆ. ಆಡಳಿತದವರು ತಟ್ಟೆ ನೋಡಿದರು, ಬಂದೂಕು ನೋಡಿದರು, ನನ್ನ ಹೆಸರಿನ ಮುಂದೆ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ, ಕೊನೆಗೆ ತಡೆಯಲಾರದೆ ಸಾಹೇಬರ ಕಡೆ ಬಗ್ಗಿದರು:

"ಅದೆಲ್ಲ ಸರಿ ಸಾರ್. ನಮ್ಮನಮ್ಮಲ್ಲಿ ಇರಲಿ, ಮಧ್ಯದ್ದೇ ತಾನೆ?"