ಕ್ಯಾಪಿನ ಒಳಮೈ

ಹಲ್ಲಿನ ಡಾಕ್ಟರ ಮುಂದೆ ಜನ ಬಾಯಿ ತೆರೆದು ಕೂಡುತ್ತಾರೆ. ನನ್ನ ದವಾಖಾನೆಯಲ್ಲಿ ಎಷ್ಟೋ ಸಲ ಬಾಯಿ ತೆರೆದು ನಿಂತವನು ನಾನೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೇಶ್ವಾಪುರದ ನನ್ನ ದವಾಖಾನೆಗೆ, ಕೆಟ್ಟ ಹಲ್ಲಿನ ಮೇಲೆ ಕೂಡಿಸುವ ಜಿರ್ಕೋನಿಯಾ ಕ್ಯಾಪ್ ಬಂತು. ಪಿಂಗಾಣಿಯಂತೆ ಬಿಳುಪು, ಕಲ್ಲಿನಷ್ಟು ಗಟ್ಟಿ. ಆದರೆ ಅಂಟು ಸುಲಭಕ್ಕೆ ಹಿಡಿಯದು. ಗಾಳಿಯ ರಭಸದಲ್ಲಿ ಸಣ್ಣ ಪುಡಿ ಹೊಡೆದು ಒಳಮೈ ತರಿತರಿ ಮಾಡಬೇಕು. ಆಮೇಲೆ ಅದನ್ನು ಯಾರೂ ಮುಟ್ಟಬಾರದು. ಕ್ಯಾಪ್ ಉದುರಿದರೆ ನನ್ನ ಹೆಸರೂ ಉದುರುವ ಕಾಲ ಅದು.

೧. ಮಬ್ಬು

ಮೊದಲ ಕ್ಯಾಪನ್ನು ತರಿ ಮಾಡಿಟ್ಟು ಚಹಾ ಕುಡಿದು ಬಂದೆ. ಅದರೊಳಗಿಂದ ಹಲ್ಲುಪುಡಿಯ ವಾಸನೆ!

"ಒಳಗೆಲ್ಲಾ ಮಬ್ಬಾಗಿತ್ರಿ ಸರ್, ತಿಕ್ಕಿ ಇಟ್ಟೇನ್ರಿ," ಎಂದರು ನಮ್ಮ ನರ್ಸಬಾಯಿ.

"ಒಳಗ ಯಾರು ನೋಡ್ತಾರ್ರಿ?"

"ಯಾರೂ ನೋಡೂದಿಲ್ಲಂತ ಹೊಲಸ ಬಿಡೂದೇನ್ರಿ? ನಾ ಮನ್ಯಾಗ ಕಪಾಟಿನ ಹಿಂದಿನ ಗ್ವಾಡಿನೂ ಒರಸ್ತೇನ್ರಿ!"

೨. ಎಂಜಲು

ರಾಯಾಪುರದ ಕಿರಾಣಿ ಅಂಗಡಿಯ ಕಾಕಾನಿಗೆ ಕ್ಯಾಪ್ ಹಾಕಿ ನೋಡಿದೆ. ಸರಿಯಾಗಿ ಕೂತಿತು. ತೆಗೆದು, ಉಗುಳಿನ ಅಂಶ ಉಳಿಯದಂತೆ ಶುದ್ಧ ಮಾಡಿ ತಟ್ಟೆಯಲ್ಲಿಟ್ಟೆ. ಅಂಟು ಕಲಸಿ ತಿರುಗಿದರೆ ತಟ್ಟೆ ಖಾಲಿ. ಕ್ಯಾಪ್ ಕಾಕಾನ ನಾಲಿಗೆಯ ಮೇಲೆ!

"ಅಯ್ಯೋ ಕಾಕಾ, ಉಗುಳು ಹತ್ತಿದ್ರ ಅಂಟು ಹಿಡಿಯೂದಿಲ್ರಿ!"

ಕಾಕಾನಿಗೆ ಅವಮಾನವಾಯಿತು. "ನನ್ನ ಎಂಜಲ ನನಗ ನಡಿಯೂದಿಲ್ಲೇನ್ರಿ?"

೩. ಶುಭ ಕೆಲಸ

ಧಾರವಾಡದ ಗಾಯಕರೊಬ್ಬರ ಮುಂದಿನ ಹಲ್ಲು ಮುರಿದಿತ್ತು. ಕ್ಯಾಪ್ ಕೂಡಿಸುವ ದಿನವೇ ಸಂಜೆ ಅವರ ಕಛೇರಿ. ಸರಸರನೆ ಸ್ವರ ಓಡಿಸುವ ತಾನಿನ ನಡುವೆ ಕ್ಯಾಪ್ ಹಾರಿದರೆ ಅವರ ಮರ್ಯಾದೆಯೂ ಹೋಯಿತು, ನನ್ನದೂ. ಎಲ್ಲ ಸಿದ್ಧಮಾಡಿ, ಮುಟ್ಟಬೇಡಿರೆಂದು ಎಲ್ಲರಿಗೂ ಹೇಳಿ, ಕೈ ತೊಳೆಯಲು ಹೋದೆ.

ಬಂದು ನೋಡಿದರೆ ಕ್ಯಾಪಿನ ಒಳಗೆ ಅರಿಷಿಣ, ಕುಂಕುಮ.

ಪಕ್ಕದಲ್ಲಿ ಗಾಯಕರ ಹೆಂಡತಿ ಕೈಮುಗಿದು ನಿಂತಿದ್ದರು.

"ಹೊಸಾ ಹಲ್ಲಲ್ರಿ, ಪೂಜಾ ಇಲ್ದ ಹೆಂಗ ಕೂಡಸೂದು?"

"ಅಲ್ರೀ ತಾಯಿ, ಒಳಗ್ಯಾಕ ಹಚ್ಚಿದ್ರಿ?"

"ಹೊರಗ ಹಚ್ಚಿದ್ರ ಹಾಡೂಮುಂದ ಜನಕ್ಕ ಕಾಣಸ್ತದಲ್ರಿ!"

ಗಾಯಕರು ಕಣ್ಣು ಮುಚ್ಚಿಕೊಂಡರು. ನಾನು ಎಲ್ಲವನ್ನೂ ತೊಳೆದು, ಮತ್ತೆ ಪುಡಿ ಹೊಡೆದು, ಮತ್ತೆ ತೊಳೆದು, ಅಂಟಿಸಿ ಕಳಿಸಿದೆ.

ಸಂಜೆ ಮುಂದಿನ ಸಾಲಿನಲ್ಲಿ ಕೂತೆ. ಯಾವ ರಾಗ ಹಾಡಿದರೋ ಇಂದಿಗೂ ಹೇಳಲಾರೆ. ಕಣ್ಣೆಲ್ಲ ಆ ಹಲ್ಲಿನ ಮೇಲೆ. ದ್ರುತ್ ಲಯದ ವೇಗದ ತಾನುಗಳಲ್ಲಿ ಉಸಿರು ಹಿಡಿದೆ. ಹಲ್ಲು ಅಲ್ಲಾಡಲಿಲ್ಲ.

ಕಛೇರಿ ಮುಗಿದ ಮೇಲೆ ಅವರ ಹೆಂಡತಿ ನಾಲ್ಕು ಮಂದಿಯನ್ನು ಕರೆತಂದು ನನ್ನನ್ನು ಪರಿಚಯಿಸಿದರು:

"ಇವ್ರ ನೋಡ್ರಿ ಡಾಕ್ಟ್ರು. ಎಷ್ಟ ತಿಕ್ಕಿ ತೊಳದ್ರೂ ನನ್ನ ಕುಂಕುಮದ ಗುಣಾ ತಗಿಲಿಕ್ಕಾಗ್ಲಿಲ್ಲ ಇವ್ರಿಗೆ!"